ಈಟಿಂಗ್ ಡಿಸಾರ್ಡರ್‌ನಿಂದ ಏಳುವವರಿಗೆ ಯಾವ ಗುಂಪು? ನಾನು ಕೂತು ನೋಡಿದ ಮೂರರ ಹೋಲಿಕೆ

ಬುಲಿಮಿಯಾಕ್ಕೆ, ಅಂದರೆ ಹತೋಟಿ ತಪ್ಪಿ ತಿಂದು ಆಮೇಲೆ ವಾಂತಿ ಮಾಡಿಕೊಂಡೋ ಊಟ ಬಿಟ್ಟೋ ಅದನ್ನು ಸರಿದೂಗಿಸಲು ನೋಡುವ ಕಾಯಿಲೆಗೆ, ಚಿಕಿತ್ಸೆ ನಡೆಯುತ್ತಿದ್ದಾಗಲೇ ನನಗೆ ಒಂದು ಕೊರತೆ ಕಾಡುತ್ತಿತ್ತು. ಇದೇ ಕಾಯಿಲೆ ಅನುಭವಿಸಿ ಎದ್ದು ಬಂದವರ ಜೊತೆ ಮಾತಾಡಬೇಕಿತ್ತು. ಬೆಂಗಳೂರಿನಲ್ಲಿ ಕನ್ನಡದ ಗುಂಪು ನನಗೆ ಸಿಗಲಿಲ್ಲ. ಹಾಗಾಗಿ ಅಮೆರಿಕದಲ್ಲಿ ಹುಟ್ಟಿದ ಮೂರು ಗುಂಪುಗಳ ಝೂಮ್ ಸಭೆಗಳಿಗೆ ಸೇರಿದೆ. ಮೂರಕ್ಕೂ ಫೀಸ್ ಇಲ್ಲ. ಹೆಸರು ಪೂರ್ತಿ ಹೇಳಬೇಕಿಲ್ಲ.

ಓವರ್‌ಈಟರ್ಸ್ ಅನಾನಿಮಸ್ ಇವುಗಳಲ್ಲಿ ಹಳೆಯದು, 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಯಿತು. ಕುಡಿತ ಬಿಡುವವರ ಗುಂಪಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ 12 ಹೆಜ್ಜೆಗಳೇ, ಅಂದರೆ ಚಟದ ಮುಂದೆ ಸೋತೆ ಎಂದು ಒಪ್ಪಿಕೊಳ್ಳುವುದರಿಂದ ಶುರುವಾಗಿ ಒಂದೊಂದಾಗಿ ಪಾಲಿಸುವ ಹಂತಗಳೇ, ಇಲ್ಲೂ ಆಧಾರ. ಒಬ್ಬರು ಮಾತಾಡಿದರೆ ಉಳಿದವರು ಸುಮ್ನೆ ಕೇಳುತ್ತಾರೆ, ಬುದ್ಧಿ ಹೇಳುವುದಿಲ್ಲ. ಅದು ನನಗೆ ತುಂಬಾ ಹಿಡಿಸಿತು. ಆದರೆ ಇಲ್ಲಿನ ಗುರಿ, ಹತೋಟಿ ತಪ್ಪಿ ತಿನ್ನುವುದನ್ನು ಪೂರ್ತಿ ಬಿಡುವುದು. ಏನು ತಿನ್ನಬೇಕು ಅನ್ನುವುದನ್ನು ಅವರವರೇ ನಿರ್ಧರಿಸುತ್ತಾರೆ. ಸಕ್ಕರೆ ಬಿಟ್ಟವರಿದ್ದಾರೆ, ದಿನದ ಊಟವನ್ನು ಬೆಳಿಗ್ಗೆಯೇ ಸ್ಪಾನ್ಸರ್‌ಗೆ (ಹೊಸಬರಿಗೆ ದಾರಿ ತೋರಿಸುವ ಹಳೇ ಸದಸ್ಯರಿಗೆ) ಫೋನ್ ಮಾಡಿ ಹೇಳುವವರಿದ್ದಾರೆ. ನನ್ನ ಕಾಯಿಲೆಗೆ ಇಂಥ ಕಟ್ಟುಪಾಡೇ ಮೇವು. ಅನ್ನ ಬೇಡ ಅಂತ ಬೆಳಿಗ್ಗೆ ಶಪಥ ಮಾಡಿದ ದಿನವೇ ರಾತ್ರಿ ಕುಕ್ಕರ್ ಖಾಲಿಯಾಗುತ್ತಿತ್ತು. ಆದರೆ ಅಲ್ಲೇ ಇದ್ದ ಇನ್ನೊಬ್ಬರಿಗೆ, ಅತಿಯಾಗಿ ತಿನ್ನುವುದೇ ತೊಂದರೆಯಾಗಿದ್ದವರಿಗೆ, ಅದೇ ನಿಯಮ ನೆಮ್ಮದಿ ಕೊಟ್ಟಿತ್ತು. ಅವರ ಮಾತನ್ನು ನಾನು ನಂಬುತ್ತೇನೆ.

ಈಟಿಂಗ್ ಡಿಸಾರ್ಡರ್ಸ್ ಅನಾನಿಮಸ್ 2000ದಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಶುರುವಾದದ್ದು. ಹೆಜ್ಜೆಗಳು ಅವೇ 12. ಆದರೆ ಇವರು ಊಟದಲ್ಲಿ ಬಿಗಿ ನಿಯಮ ಬೇಡ ಅನ್ನುತ್ತಾರೆ, ಸಮತೋಲ ಸಾಕು ಅನ್ನುತ್ತಾರೆ. ತೂಕ, ಕ್ಯಾಲೊರಿಗಳ ಲೆಕ್ಕ ನಾನು ಕೂತ ಸಭೆಗಳಲ್ಲಿ ಬರುತ್ತಿರಲಿಲ್ಲ. ಇದು ಸಣ್ಣ ವಿಷಯ ಅಲ್ಲ. ಮೊದಲು ನಾನಿದ್ದ ಒಂದು ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ತೂಕ ಹಾಕುತ್ತಿದ್ದರು, ಫೋಟೋ ಹಾಕುತ್ತಿದ್ದರು. ಇನ್ನೊಬ್ಬರ ಸಂಖ್ಯೆ ನೋಡಿದ ತಕ್ಷಣ ಹಳೇ ಪೈಪೋಟಿ ತಲೆಯೆತ್ತುತ್ತಿತ್ತು.

ನಾನು ಉಳಿದುಕೊಂಡದ್ದು ಮೂರನೆಯದಾದ ಅನಾಡ್‌ (ANAD) ಗುಂಪಿನಲ್ಲಿ. 1976ರಲ್ಲಿ ಇಲಿನಾಯ್‌ನಲ್ಲಿ ಹುಟ್ಟಿದ ಸಂಸ್ಥೆ. 12 ಹೆಜ್ಜೆಗಳಿಲ್ಲ. ತರಬೇತಿ ಪಡೆದ ಸ್ವಯಂಸೇವಕರು ನಡೆಸುತ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡಬಹುದು. ಒಮ್ಮೆ ಸಂಕಷ್ಟಿಯ ಬಗ್ಗೆ ಹೇಳಿದೆ. ಉಪವಾಸ ಅಂದರೆ ನಮ್ಮ ಮನೆಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ, ಮೆಚ್ಚುತ್ತಾರೆ. ಊಟ ತಪ್ಪಿಸಲು ಅದಕ್ಕಿಂತ ಒಳ್ಳೆ ನೆಪ ಬೇಕಾ? ಅರ್ಥವಾಗುತ್ತೋ ಇಲ್ಲವೋ ಅಂದುಕೊಂಡಿದ್ದೆ. ಒಬ್ಬ ಮುಸ್ಲಿಂ ಹೆಂಗಸು ತಕ್ಷಣ ಮೈಕ್ ಆನ್ ಮಾಡಿದರು. ರಂಜಾನ್ ತಿಂಗಳು ತಮಗೂ ಹಾಗೇ ಆಗಿತ್ತಂತೆ. ಈಗ ಡಾಕ್ಟರ್ ಮಾತಿನಂತೆ ರೋಜಾ ಬಿಟ್ಟು, ಅದರ ಬದಲು ಬಡವರಿಗೆ ಊಟ ಹಾಕಿಸುತ್ತಾರೆ. ಮುಂದಿನ ಸಂಕಷ್ಟಿಗೆ ನಾನು ಬೆಳಿಗ್ಗೆ ಉಪ್ಪಿಟ್ಟು ತಿಂದೆ, ಸಂಜೆ ಗಣಪತಿಗೆ ಗರಿಕೆ ಏರಿಸಿದೆ. ಸುಮ್ಮನೆ ಕೇಳಿಸಿಕೊಳ್ಳುವ ಸಭೆಯಲ್ಲಿ ಆ ಉತ್ತರ ನನಗೆ ಸಿಗುತ್ತಿರಲಿಲ್ಲ.

ಸಮಯದ ತೊಂದರೆ ಮಾತ್ರ ಮೂರರಲ್ಲೂ ಇದೆ. ನ್ಯೂಯಾರ್ಕ್‌ನ ಸಂಜೆ 7 ಅಂದರೆ ಅವರ ಬೇಸಿಗೆಯಲ್ಲಿ ನಮಗೆ ಬೆಳಗಿನ ಜಾವ 4.30, ಚಳಿಗಾಲದಲ್ಲಿ 5.30. ಇಂಗ್ಲಿಷ್‌ನಲ್ಲೇ ಮಾತಾಡಬೇಕು. ಅಮ್ಮನ ಮಾತು, ಮದುವೆ ಮನೆಯಲ್ಲಿ 'ಯಾಕಮ್ಮಾ ಇಷ್ಟು ದಪ್ಪ ಆಗಿದ್ದೀಯ' ಅಂದವರ ಮಾತು ಇಂಗ್ಲಿಷ್‌ನಲ್ಲಿ ಹೇಳಿದರೆ ಅರ್ಧ ನೋವು ಅಲ್ಲೇ ಉಳಿದುಬಿಡುತ್ತದೆ.

ಯಾವ ಗುಂಪಿಗೆ ಸೇರಿದರೂ ಡಾಕ್ಟರ್ ಬಿಡಬೇಡಿ. ಪದೇ ಪದೇ ವಾಂತಿ ಮಾಡಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಅದನ್ನು ಝೂಮ್‌ನಲ್ಲಿ ಯಾರೂ ಕಂಡುಹಿಡಿಯಲಾರರು, ರಕ್ತ ಪರೀಕ್ಷೆಯೇ ಆಗಬೇಕು. ರಾತ್ರಿ ಹೊತ್ತು ಕನ್ನಡದಲ್ಲೇ ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ, ನಂಬರ್ 14416.