ಸಿ ಪ್ರೋಗ್ರಾಂನಲ್ಲಿ ಡೈರೆಕ್ಟರಿ ಅಳಿಸಲು 'ಸಿಸ್ಟಮ್' ಫಂಕ್ಷನ್ ಬಳಸುತ್ತಿದ್ದೀರಾ? ಎಚ್ಚರ

ಮಂಡ್ಯದ ಒಂದು ಸಣ್ಣ ಕಚೇರಿಯ ಲಿನಕ್ಸ್ ಸರ್ವರ್‌ನಲ್ಲಿ ಮದ್ದೂರು ತಾಲ್ಲೂಕಿನ ಚಾಲ್ತಿ ದಾಖಲೆಗಳೆಲ್ಲ ಅಳಿಸಿಹೋದವು. ತೆಗೆಯಬೇಕಿದ್ದದ್ದು ಪಕ್ಕದ 'ಮದ್ದೂರು ಹಳೆಯದು' ಡೈರೆಕ್ಟರಿಯನ್ನು. ಅದಕ್ಕೆ ಏನೂ ಆಗಿರಲಿಲ್ಲ. ಸಾಲದ್ದಕ್ಕೆ ಲಾಗ್‌ನಲ್ಲಿ 'ಯಶಸ್ವಿಯಾಗಿ ಅಳಿಸಲಾಗಿದೆ' ಎಂದಿತ್ತು.

ಅಳಿಸುವ ಕೆಲಸ ಮಾಡಿದ ಸಿ ಪ್ರೋಗ್ರಾಂ 'ಆರ್‌ಎಂ -ಆರ್‌ಎಫ್ /ಡೇಟಾ/' (ಆರ್‌ಎಂ ಅಂದರೆ ಅಳಿಸುವ ಕಮಾಂಡ್, -ಆರ್ ಒಳಗಿನದೆಲ್ಲ ಸೇರಿಸಲು, -ಎಫ್ ಕೇಳದೆ ಅಳಿಸಲು) ಎಂಬುದಕ್ಕೆ ಡೈರೆಕ್ಟರಿಯ ಹೆಸರು ಅಂಟಿಸಿ, ಇಡೀ ಸಾಲನ್ನು ಸಿಸ್ಟಮ್ ಫಂಕ್ಷನ್‌ಗೆ ಕೊಡುತ್ತಿತ್ತು. ಸಿಸ್ಟಮ್ ಆ ಸಾಲನ್ನು ಕಮಾಂಡ್‌ಗಳನ್ನು ಓದಿ ಓಡಿಸುವ ಶೆಲ್ ಎಂಬ ಪ್ರೋಗ್ರಾಂ ಕೈಗೆ ಒಪ್ಪಿಸುತ್ತದೆ, ಶೆಲ್ ಸ್ಪೇಸ್ ಕಂಡಲ್ಲಿ ತುಂಡು ಮಾಡುತ್ತದೆ. ಹಾಗಾಗಿ ಆರ್‌ಎಂಗೆ ಸಿಕ್ಕಿದ್ದು ಎರಡು ಹೆಸರು: '/ಡೇಟಾ/ಮದ್ದೂರು' ಮತ್ತು 'ಹಳೆಯದು'. ಮೊದಲನೆಯದು ಹೋಯಿತು. ಎರಡನೆಯದು ಪ್ರೋಗ್ರಾಂ ಓಡುತ್ತಿದ್ದ ಜಾಗದಲ್ಲಿ ಇರಲೇ ಇಲ್ಲ. -ಎಫ್ ಇದ್ದರೆ ಇಲ್ಲದ ಫೈಲ್ ಬಗ್ಗೆ ಆರ್‌ಎಂ ತುಟಿ ಪಿಟಕ್ ಅನ್ನುವುದಿಲ್ಲ, ಸೊನ್ನೆ (ಅಂದರೆ 'ಯಶಸ್ವಿ') ಹಿಂದಿರುಗಿಸಿ ಸುಮ್ಮನಾಗುತ್ತದೆ. ('ಕೆ ಆರ್ ಪೇಟೆ' ಎಂದು ಕೊಟ್ಟಿದ್ದರೆ ಮೂರು ತುಂಡಾಗಿ, ಏನೂ ಅಳಿಯದೆ, ಆಗಲೂ 'ಯಶಸ್ವಿ' ಎಂದೇ ಬರುತ್ತಿತ್ತು.)

ಹೆಸರಿನ ಸುತ್ತ ಕೋಟ್ ಹಾಕಿದರೆ ಸಾಕು ಅನ್ನುವವರಿದ್ದಾರೆ. ಸಾಲದು. ಹೆಸರಿನೊಳಗೇ ಒಂದು ಕೋಟ್ ಇದ್ದರೆ ಕಥೆ ಮುಗಿಯಿತು. ಹೆಸರು ಖಾಲಿ ಬಂದರೆ '/ಡೇಟಾ/' ಪೂರ್ತಿ ಖಾಲಿ. ಈಗಿನ ಆರ್‌ಎಂ '/' ಅನ್ನು ಅಳಿಸದಂತೆ ತಡೆಯುತ್ತದೆ, '/ಡೇಟಾ/' ಅನ್ನು ತಡೆಯುವುದಿಲ್ಲ. ಬಫರ್ (ಸಾಲನ್ನು ಇಡುವ ಮೆಮೊರಿ ಜಾಗ) ಚಿಕ್ಕದಿದ್ದರೆ, ಸಾಲು ಜೋಡಿಸುವ ಎಸ್‌ಎನ್‌ಪ್ರಿಂಟ್‌ಎಫ್ ಫಂಕ್ಷನ್ ದಾರಿಯನ್ನು (ಪಾತ್, ಅಂದರೆ ಡೈರೆಕ್ಟರಿಯ ಪೂರ್ತಿ ವಿಳಾಸ) ಅರ್ಧಕ್ಕೇ ಕತ್ತರಿಸುತ್ತದೆ, ಸ್ಪೇಸ್ ಇಲ್ಲದೆಯೂ 'ಮದ್ದೂರು_ಹಳೆಯದು' ಹೋಗಿ 'ಮದ್ದೂರು' ಆಗಬಹುದು. ಎಸ್‌ಎನ್‌ಪ್ರಿಂಟ್‌ಎಫ್ ಕೊಡುವ ಸಂಖ್ಯೆ ಬಫರ್ ಅಳತೆಗೆ ಸಮ ಅಥವಾ ಹೆಚ್ಚಿದ್ದರೆ ಅಲ್ಲೇ ನಿಲ್ಲಿಸಿ.

ಶೆಲ್ ಸಹವಾಸವೇ ಬೇಡ. ಖಾಲಿ ಡೈರೆಕ್ಟರಿಗೆ ಆರ್‌ಎಂಡಿರ್ ಎಂಬ ಫಂಕ್ಷನ್ ಇದೆ. ಒಳಗೆ ಒಂದೇ ಒಂದು ಫೈಲ್ ಇದ್ದರೂ ಅದು ಅಳಿಸದೆ ಎರರ್ ಕೊಡುತ್ತದೆ, ಅದೇ ಅದರ ಒಳ್ಳೆಯ ಗುಣ. ಒಳಗಿನದೆಲ್ಲ ಸೇರಿ ಹೋಗಬೇಕಿದ್ದರೆ ಡೈರೆಕ್ಟರಿಯ ಒಳಗೆಲ್ಲ ಓಡಾಡುವ ಎನ್‌ಎಫ್‌ಟಿಡಬ್ಲ್ಯು ಫಂಕ್ಷನ್ ಬಳಸಿ, ಕಾಲ್‌ಬ್ಯಾಕ್‌ನಲ್ಲಿ (ಸಿಕ್ಕ ಪ್ರತಿಯೊಂದಕ್ಕೂ ಅದು ಕರೆಯುವ ನಿಮ್ಮ ಫಂಕ್ಷನ್‌ನಲ್ಲಿ) ಅಳಿಸುವ ರಿಮೂವ್ ಕರೆದು ಅದರ ಉತ್ತರವನ್ನೇ ಹಿಂದಿರುಗಿಸಿ. ಸೊನ್ನೆ ಬಿಟ್ಟು ಬೇರೆ ಬಂದರೆ ಓಡಾಟ ಅಲ್ಲೇ ನಿಲ್ಲುತ್ತದೆ. ಎನ್‌ಎಫ್‌ಟಿಡಬ್ಲ್ಯುಗೆ ಕೊಡುವ ಎರಡು ಫ್ಲ್ಯಾಗ್ (ಆಯ್ಕೆ) ಮರೆಯಬೇಡಿ. ಎಫ್‌ಟಿಡಬ್ಲ್ಯು_ಡೆಪ್ತ್ ಇಲ್ಲದಿದ್ದರೆ ಒಳಗಿನದಕ್ಕಿಂತ ಮೊದಲು ಹೊರಗಿನ ಡೈರೆಕ್ಟರಿಗೇ ಕೈ ಹಾಕಿ ಸೋಲುತ್ತದೆ. ಎಫ್‌ಟಿಡಬ್ಲ್ಯು_ಫಿಸ್ ಬಿಟ್ಟರೆ ಸಿಂಬಾಲಿಕ್ ಲಿಂಕ್ (ಬೇರೆ ಜಾಗಕ್ಕೆ ಬೊಟ್ಟು ಮಾಡುವ ಫೈಲ್) ಹಿಡಿದು ಬೇರೆಲ್ಲೋ ಇರುವ ಫೈಲ್‌ಗಳನ್ನೂ ಅಳಿಸಿ ಬರುತ್ತದೆ, ಇದು ಹೆಚ್ಚು ಅಪಾಯ.

ಆರ್‌ಎಂ ಅನ್ನೇ ಓಡಿಸಬೇಕೆಂಬ ಹಟವಿದ್ದರೆ ಫೋರ್ಕ್ ಮಾಡಿ (ಹೊಸ ಪ್ರೋಸೆಸ್ ಶುರು ಮಾಡಿ), ಶೆಲ್ ಇಲ್ಲದೆ ನೇರವಾಗಿ ಪ್ರೋಗ್ರಾಂ ಓಡಿಸುವ ಎಕ್ಸೆಕ್‌ವಿಗೆ ದಾರಿಯನ್ನು ಬೇರೆಯೇ ಆರ್ಗ್ಯುಮೆಂಟ್ ಆಗಿ ಕೊಡಿ, ಅದಕ್ಕೆ ಮೊದಲು '--' ಇರಲಿ. ಇಲ್ಲದಿದ್ದರೆ '-' ಇಂದ ಶುರುವಾಗುವ ಹೆಸರನ್ನು ಆಪ್ಷನ್ ಎಂದುಕೊಳ್ಳುತ್ತದೆ.

ಯಾವ ವಿಧಾನ ಹಿಡಿದರೂ ಮೊದಲ ಸಲ ಅಳಿಸುವ ಸಾಲು ತೆಗೆದು, ಅಲ್ಲಿ ದಾರಿಯನ್ನು ಪ್ರಿಂಟ್ ಮಾತ್ರ ಮಾಡಿಸಿ. ಪಟ್ಟಿ ಓದಿ ನೋಡಿ, ಆಮೇಲೆ ರಿಮೂವ್ ಹಾಕಿ.