ಟಗರು ಬಿಡುವ ಮುನ್ನ ಹಾಕಬೇಕಾದ ಲಸಿಕೆ: ಕುರಿಗಳಿಗೆ ಕಾಕ್ಸಿವ್ಯಾಕ್

ನೆದರ್ಲೆಂಡ್ಸಿನ ನೂರ್ಡ್ ಬ್ರಾಬಂಟ್ ಪ್ರಾಂತ್ಯದಲ್ಲಿ, ಹಾಲಿಗಾಗಿ ಕುರಿ ಸಾಕುವ ಫಾರ್ಮೊಂದರಲ್ಲಿ ಎರಡು ಹಂಗಾಮು ಕ್ಯೂ ಜ್ವರದ ವಿರುದ್ಧದ ಈ ಲಸಿಕೆಯನ್ನು ನನ್ನ ಕೈಯಿಂದಲೇ ಹಾಕಿದ್ದೇನೆ. ಕ್ಯೂ ಜ್ವರವೆಂದರೆ ಕುರಿ, ಮೇಕೆ, ದನಗಳಿಂದ ಮನುಷ್ಯರಿಗೂ ಹರಡುವ ರೋಗ. 2007ರಿಂದ 2010ರವರೆಗೆ ಆ ದೇಶದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಕ್ಯೂ ಜ್ವರ ಬಂದು, ಗಬ್ಬದ ಮೇಕೆಗಳನ್ನು ಸಾವಿರಗಟ್ಟಲೆ ಕೊಲ್ಲಬೇಕಾಯಿತು. ಹಾಲಿನ ದೊಡ್ಡ ಹಿಂಡುಗಳಿಗೆ ಲಸಿಕೆ ಕಡ್ಡಾಯವಾದದ್ದು ಆಗಲೇ. ಹೀಗಾಗಿ ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ನಮಗಿರಲಿಲ್ಲ. ಹಾಕಿದ್ದರಿಂದ ಏನು ದಕ್ಕುತ್ತದೆ ಎಂಬುದಷ್ಟೇ ಪ್ರಶ್ನೆಯಾಗಿತ್ತು.

ಯೂರೋಪಿನಲ್ಲಿ 2010ರಲ್ಲಿ ಪರವಾನಗಿ ಸಿಕ್ಕಾಗ ಇದನ್ನು ಒಪ್ಪಿದ್ದು ದನ ಮತ್ತು ಮೇಕೆಗಳಿಗೆ ಮಾತ್ರ. ನಮ್ಮ ಪಶುವೈದ್ಯರು ಮೇಕೆಯ ಪ್ರಮಾಣವನ್ನೇ ಹಿಡಿದು, ಚರ್ಮದಡಿ 2 ಮಿಲಿಯಂತೆ ಮೂರು ವಾರಗಳ ಅಂತರದಲ್ಲಿ ಎರಡು ಬಾರಿ, ಆಮೇಲೆ ವರ್ಷಕ್ಕೊಮ್ಮೆ ಹಾಕಲು ಹೇಳಿದರು. ಕುರಿ-ಮೇಕೆಗಳ ಹಿರೇಬೇನೆಯಾದ ಪಿಪಿಆರ್‌ಗೆ ಲಸಿಕೆಯನ್ನು ಒಮ್ಮೆ ಹಾಕಿಸಿ ಮೂರು ವರ್ಷ ನಿಶ್ಚಿಂತರಾಗಿರುವ ನಮ್ಮ ಕಡೆಯ ಕುರಿಗಾರರಿಗೆ ಇದು ತಲೆನೋವೆನಿಸೀತು. ಉಣ್ಣೆಯನ್ನು ಬಿಡಿಸಿ ಚರ್ಮ ಹುಡುಕುವಷ್ಟರಲ್ಲೇ ಅರ್ಧ ಹೊತ್ತು ಹೋಗುತ್ತದೆ. ತೆರೆದ ಬಾಟಲಿಯನ್ನು ಹತ್ತು ಗಂಟೆಯೊಳಗೆ ಮುಗಿಸಬೇಕು. ಸಂಜೆ ಉಳಿದ ಹನ್ನೊಂದು ಕುರಿಗಳಿಗಾಗಿ ನಾನು ಹೊಸ ಬಾಟಲಿ ತೆರೆದು ಮಿಕ್ಕಿದ್ದನ್ನೆಲ್ಲ ಚೆಲ್ಲಿದೆ.

ಲಸಿಕೆಯ ಗುಣ ಇರುವುದು ಅದರ ಒಳಗಿನ ಸತ್ತ ರೋಗಾಣುವಿನಲ್ಲಿ. ಕ್ಯೂ ಜ್ವರ ತರುವ ಕಾಕ್ಸಿಯೆಲ್ಲಾ ಬರ್ನೆಟೈ ಎಂಬ ಈ ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿದಾಗ ತನ್ನ ಹೊರಕವಚದ ಒಂದು ಭಾಗವನ್ನು ಕಳೆದುಕೊಂಡು ಎರಡನೆಯ ಹಂತಕ್ಕೆ ಇಳಿಯುತ್ತದೆ. ಈ ಲಸಿಕೆಯಲ್ಲಿರುವುದು ಕವಚ ಪೂರ್ತಿ ಉಳಿದಿರುವ ಮೊದಲ ಹಂತದ ರೋಗಾಣು. 2005ರಲ್ಲಿ ಪ್ರಕಟವಾದ ಫ್ರಾನ್ಸಿನ ಮೇಕೆ ಪ್ರಯೋಗದಲ್ಲಿ ಮೊದಲ ಹಂತದ ಲಸಿಕೆಯು ಗರ್ಭಪಾತವನ್ನೂ ರೋಗಾಣು ಹೊರಬೀಳುವುದನ್ನೂ ತಗ್ಗಿಸಿತು, ಎರಡನೆಯ ಹಂತದ್ದು ಪ್ರಯೋಜನಕ್ಕೆ ಬರಲಿಲ್ಲ. ಸೋಂಕಿತ ಕುರಿಯ ಮಾಸಿನ ಒಂದೊಂದು ಗ್ರಾಮಿನಲ್ಲೂ ನೂರು ಕೋಟಿ ರೋಗಾಣುಗಳಿರಬಹುದಾಗಿದ್ದು, ಅದು ಒಣಗಿ ದೂಳಿನೊಡನೆ ಗಾಳಿಗೆ ಸೇರುವುದರಿಂದ, ಹಟ್ಟಿಯ ಜನರಿಗೆ ಈ ತಗ್ಗುವಿಕೆ ಕುರಿಗಿಂತ ಹೆಚ್ಚಿನ ಲಾಭ.

ಆದರೆ ಈಗಾಗಲೇ ಸೋಂಕು ತಗುಲಿದ, ಅದರಲ್ಲೂ ಗಬ್ಬವಾದ ಕುರಿಯಿಂದ ಹೆಚ್ಚು ನಿರೀಕ್ಷಿಸಬಾರದು. ಅದು ಲಸಿಕೆಯ ನಂತರವೂ ರೋಗಾಣುವನ್ನು ಚೆಲ್ಲುತ್ತದೆ. ಟಗರು ಸೇರದ ಹೆಣ್ಣುಮರಿಗಳಿಗೆ ಮೊದಲ ಆದ್ಯತೆ ಕೊಟ್ಟು ವರ್ಷವೂ ಬಿಡದೆ ಹಾಕಿದರೆ, ಹಳೆಯ ಕುರಿಗಳು ಹಿಂಡಿನಿಂದ ಹೊರಹೋದಂತೆ ಹಿಂಡು ತಿಳಿಯಾಗುತ್ತದೆ. ಸ್ಪೇನಿನ ಬಾಸ್ಕ್ ಸೀಮೆಯ ಕುರಿಹಿಂಡುಗಳಲ್ಲೂ ಇದಕ್ಕೆ ವರ್ಷಗಳೇ ಹಿಡಿದವು.

ಮೇಕೆಗಳ ಬಗ್ಗೆ ಮಾಹಿತಿಪತ್ರವೇ ಹೇಳುವಂತೆ ಚುಚ್ಚಿದ ಜಾಗದಲ್ಲಿ 3ರಿಂದ 4 ಸೆಂಟಿಮೀಟರಿನ ಗಂಟು ಏಳಬಹುದು, ಸಣ್ಣ ಜ್ವರ ಬರಬಹುದು. ಇದು ದೊಡ್ಡ ತೊಂದರೆಯಲ್ಲ. ತಪಾಸಣೆಯ ಗೊಂದಲವೇ ದೊಡ್ಡದು. ರಕ್ತಪರೀಕ್ಷೆಯು ಲಸಿಕೆಯಿಂದ ಬಂದ ಪ್ರತಿಕಾಯವನ್ನೂ ರೋಗದಿಂದ ಬಂದದ್ದನ್ನೂ ಬೇರೆ ಮಾಡದು. ಸಾಲದ್ದಕ್ಕೆ, ಮೇಕೆಗಳ ಹಾಲಿನಲ್ಲಿ ಲಸಿಕೆಯ ಡಿಎನ್‌ಎ 9 ದಿನಗಳವರೆಗೂ ಕಂಡುಬಂದಿದೆ. ಮೊದಲ ವರ್ಷ ಎರಡನೆಯ ಚುಚ್ಚುಮದ್ದಾದ ನಾಲ್ಕೇ ದಿನಕ್ಕೆ ಕ್ಯೂ ಜ್ವರದ ತಪಾಸಣೆಗೆ ಹಾಲಿನ ಮಾದರಿ ಕೊಡುವ ದಿನ ಬಂದು ನಾವು ಪೇಚಿಗೆ ಸಿಕ್ಕಿದೆವು. ಮರುವರ್ಷ ಗೋಡೆಯ ಕ್ಯಾಲೆಂಡರಿನಲ್ಲಿ ಮಾದರಿಯ ದಿನಕ್ಕೆ ಮೊದಲು ಗುರುತು ಹಾಕಿ, ಲಸಿಕೆಯ ದಿನವನ್ನು ಅದರಿಂದ ಹಿಂದಕ್ಕೆ ಎಣಿಸಿಕೊಂಡೆವು.