ಹಿಂದಕ್ಕೆ ಹೋಗುವ ಡಿಬಗರ್: ಪ್ರಿಂಟ್, ಜಿಡಿಬಿ, ಆರ್‌ಆರ್ ಮೂರನ್ನೂ ಬಳಸಿ ನೋಡಿದ ಮೇಲೆ

ಪ್ರೋಗ್ರಾಮಿನ ಬಗ್ (ದೋಷ) ಹುಡುಕಲು ಪ್ರಿಂಟ್, ಅಂದರೆ ನಡುನಡುವೆ ಬೆಲೆಗಳನ್ನು ತೆರೆಗೆ ಬರೆಸುವ ಸಾಲು ಹಾಕಿದರೆ ಸಾಕು ಅನ್ನುವವರು ಈಗಲೂ ಜಾಸ್ತಿ. ತಪ್ಪೇನಿಲ್ಲ. ಯಾವ ಭಾಷೆಯಲ್ಲಾದರೂ ನಡೆಯುತ್ತದೆ, ಹೊಸದಾಗಿ ಕಲಿಯುವ ಗೋಜಿಲ್ಲ. ಆದರೆ ಎಲ್ಲಿ ನೋಡಬೇಕು ಅಂತ ಮೊದಲೇ ಅಂದಾಜು ಇರಬೇಕು. ಅಂದಾಜು ತಪ್ಪಿತೋ, ಇನ್ನೊಂದು ಸಾಲು ಸೇರಿಸಿ, ಮತ್ತೆ ಬಿಲ್ಡ್ ಮಾಡಿ, ಮತ್ತೆ ಓಡಿಸಬೇಕು. ಥ್ರೆಡ್‌ಗಳು (ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಕೆಲಸಗಳು) ಇದ್ದರಂತೂ ಪ್ರಿಂಟ್ ಹಾಕಿದ್ದಕ್ಕೇ ಟೈಮಿಂಗ್ ಬದಲಾಗಿ ಬಗ್ ಮಾಯವಾಗುವುದುಂಟು.

ಜಿಡಿಬಿ ಎಂಬ ಡಿಬಗರ್ (ಓಡುವ ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡುವ ಸಾಧನ) ಇದಕ್ಕಿಂತ ವಾಸಿ. ಬ್ರೇಕ್‌ಪಾಯಿಂಟ್‌ನಲ್ಲಿ, ಅಂದರೆ ಗುರುತು ಹಾಕಿದ ಸಾಲಿನಲ್ಲಿ ನಿಲ್ಲಿಸಿ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂತು ಎಂಬ ಸರಣಿ) ಪೂರ್ತಿ ನೋಡಬಹುದು. ಆದರೆ ಮುಂದಿನ ಸಾಲಿಗೆ ಹೋಗುವ ‘ನೆಕ್ಸ್ಟ್’ ಒಂದು ಸಲ ಜಾಸ್ತಿ ಒತ್ತಿದರೆ ಮತ್ತೆ ಮೊದಲಿನಿಂದ ಶುರು. 2009ರ 7.0 ಆವೃತ್ತಿಯಿಂದ ಜಿಡಿಬಿಯಲ್ಲೂ ಹಿಂದಕ್ಕೆ ಹೋಗುವ ಸೌಲಭ್ಯ ಇದೆ, ನಿಜ. ಆದರೆ ಸಿಪಿಯು ಮಾಡುವ ಒಂದೊಂದು ಇನ್‌ಸ್ಟ್ರಕ್ಷನ್ನನ್ನೂ ದಾಖಲಿಸುತ್ತಾ ಹೋಗುವುದರಿಂದ ತೀರಾ ನಿಧಾನ. ಸಣ್ಣ ಫಂಕ್ಷನ್ನಿಗೆ ಪರವಾಗಿಲ್ಲ, ಅಷ್ಟೇ.

ನನಗೆ ನಿಜವಾಗಿ ಹಿಡಿಸಿದ್ದು ಆರ್‌ಆರ್. ಮೊಜಿಲ್ಲಾದವರು ಫೈರ್‌ಫಾಕ್ಸ್‌ನ ಬಗ್ ಹಿಡಿಯಲು ಮಾಡಿಕೊಂಡ ಸಾಧನ ಇದು. ಹೊರಗಿನಿಂದ ಬರುವುದನ್ನು, ಅಂದರೆ ಸಿಸ್ಟಮ್ ಕಾಲ್‌ಗಳ (ಆಪರೇಟಿಂಗ್ ಸಿಸ್ಟಮ್‌ಗೆ ಹೇಳುವ ಕೆಲಸಗಳ) ಉತ್ತರ, ಸಿಗ್ನಲ್, ಥ್ರೆಡ್ ಬದಲಾದ ಗಳಿಗೆ ಇಂಥವನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಉಳಿದದ್ದನ್ನು ಸಿಪಿಯು ಮತ್ತೆ ಹಾಗೇ ಮಾಡುತ್ತದೆ ಅಲ್ವಾ? ಹಾಗಾಗಿ ರೆಕಾರ್ಡಿಂಗ್ ಅಷ್ಟೇನೂ ಭಾರವಲ್ಲ. ಎಷ್ಟು ಸಲ ರಿಪ್ಲೇ ಮಾಡಿದರೂ ಮೆಮೊರಿ ವಿಳಾಸಗಳೂ ಸೇರಿ ಎಲ್ಲವೂ ಅದೇ.

ಒಂದು ಸಿ++ ಪ್ರೋಗ್ರಾಮು ಆಗೊಮ್ಮೆ ಈಗೊಮ್ಮೆ ಕ್ರ್ಯಾಶ್ ಆಗುತ್ತಿತ್ತು. ಪಾಯಿಂಟರ್‌ನಲ್ಲಿ (ಮೆಮೊರಿ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್) ಕಸ ತುಂಬಿತ್ತು, ಬಿದ್ದ ಸಾಲಿನಲ್ಲಿ ಮಾತ್ರ ಏನೂ ದೋಷವಿಲ್ಲ. ಆರ್‌ಆರ್ ಕೆಳಗೆ ಓಡಿಸಿ, ಕ್ರ್ಯಾಶ್ ಸಿಕ್ಕಿದ ರೆಕಾರ್ಡಿಂಗ್ ತೆರೆದು, ಆ ಪಾಯಿಂಟರ್ ಮೇಲೆ ವಾಚ್‌ಪಾಯಿಂಟ್ (ಬೆಲೆ ಬದಲಾದ ಕಡೆ ನಿಲ್ಲಿಸುವ ಕಾವಲು) ಇಟ್ಟು ‘ರಿವರ್ಸ್-ಕಂಟಿನ್ಯೂ’ ಒತ್ತಿದೆ. ಪ್ರೋಗ್ರಾಮು ಹಿಂದಕ್ಕೆ ಓಡಿ, ಸಂಬಂಧವೇ ಇಲ್ಲದ ಇನ್ನೊಂದು ಫೈಲಿನ ಮೆಮ್‌ಕಾಪಿ (ಮೆಮೊರಿ ನಕಲು ಮಾಡುವ ಫಂಕ್ಷನ್) ಸಾಲಿನಲ್ಲಿ ನಿಂತಿತು. ಬಫರ್ ಗಾತ್ರ ಮೀರಿ ಬರೆದದ್ದು ಅದೇ. ಪ್ರಿಂಟ್ ಹಾಕುತ್ತಾ ಕೂತಿದ್ದರೆ ಆ ಫೈಲಿನ ಕಡೆ ಯಾರು ತಿರುಗಿ ನೋಡುತ್ತಿದ್ದರು?

ಕೊರತೆಗಳೂ ಇವೆ. ಲಿನಕ್ಸ್‌ನಲ್ಲಿ ಮಾತ್ರ ಓಡುತ್ತದೆ. ಸಿಪಿಯು ತಾನು ಮಾಡಿದ ಕೆಲಸ ಎಣಿಸಿಡುವ ಹಾರ್ಡ್‌ವೇರ್ ಕೌಂಟರ್‌ಗಳು ಬೇಕೇ ಬೇಕು, ಹಾಗಾಗಿ ಅವನ್ನು ಬಿಟ್ಟುಕೊಡದ ವರ್ಚುವಲ್ ಮಷೀನ್‌ಗಳಲ್ಲಿ ಕೆಲಸ ಮಾಡುವುದಿಲ್ಲ. ಒಂದು ಸಲಕ್ಕೆ ಒಂದೇ ಥ್ರೆಡ್ ಓಡಿಸುವುದರಿಂದ ಪ್ಯಾರಲಲ್ ಪ್ರೋಗ್ರಾಮ್‌ಗಳು ಚೆನ್ನಾಗೇ ನಿಧಾನವಾಗುತ್ತವೆ. ಕೆಲವು ರೇಸ್‌ಗಳು (ಥ್ರೆಡ್‌ಗಳು ಹಿಂದುಮುಂದಾಗಿ ಓಡಿದಾಗ ಬರುವ ಬಗ್‌ಗಳು) ತಲೆ ಎತ್ತುವುದೇ ಇಲ್ಲ, ಅದಕ್ಕೆ ಥ್ರೆಡ್‌ಗಳ ಸರದಿಯನ್ನು ಬೇಕೆಂದೇ ಏರುಪೇರು ಮಾಡುವ ‘ಕೇಯಾಸ್’ ಮೋಡ್ ಹಾಕಿ ನೋಡಬೇಕು.

ಲಿನಕ್ಸ್‌ನಲ್ಲಿ ಸಿ, ಸಿ++ ಅಥವಾ ರಸ್ಟ್ ಬರೆಯುವವರಾದರೆ ಯೋಚಿಸದೆ ಆರ್‌ಆರ್ ಹಾಕಿಕೊಳ್ಳಿ. ಜಿಡಿಬಿ ಬಲ್ಲವರಿಗೆ ಹೊಸ ಕಮಾಂಡ್‌ಗಳು ಬೆರಳೆಣಿಕೆಯಷ್ಟೇ. ಪೈಥಾನ್ ಪ್ರೋಗ್ರಾಮನ್ನೂ ಅದು ರೆಕಾರ್ಡ್ ಮಾಡುತ್ತದೆ, ಆದರೆ ಕಣ್ಣಿಗೆ ಬೀಳುವುದು ನಮ್ಮ ಪೈಥಾನ್ ಸಾಲುಗಳಲ್ಲ, ಅವನ್ನು ಓಡಿಸುವ ಇಂಟರ್‌ಪ್ರಿಟರ್‌ನ ಸಿ ಕೋಡ್. ಅಲ್ಲಿ ನಾನಿನ್ನೂ ಪ್ರಿಂಟ್‌ನಲ್ಲೇ ಇದ್ದೇನೆ.